ಸ್ವದಾರಸಂತೋಷ

ಗೃಹಸ್ಥನ ದಾಂಪತ್ಯಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ ಅಣುವ್ರತವೇ ಸ್ವದಾರಸಂತೋಷ. ಪಾಪಭೀತಿಯಿಂದ ಪರಸ್ತ್ರೀಯನ್ನು ತೊರೆಯುವುದು, ಅನ್ಯರನ್ನೂ ಆ ದಾರಿಗೆ ಪ್ರೇರಿಸದಿರುವುದು ಅದರ ಲಕ್ಷಣ. 'ದಾರ' ಎಂದರೆ ಪತ್ನಿ. ಆದರೂ ಸಂಸ್ಕೃತದಲ್ಲಿ ಆ ಶಬ್ದ ಪುಲ್ಲಿಂಗ, ಅದೂ ಬಹುವಚನ! ವ್ರತದ ಹೆಸರು ಪುರುಷನನ್ನು ಮಾತ್ರ ಕುರಿತದ್ದು. ಪತಿಯನ್ನು ಕಳೆದುಕೊಂಡ ಶ್ರಾವಿಕೆಯ ಬಾಳಿಗೆ ಅದು ದಾರಿ ತೋರದು.

ಹತ್ತನೆಯ ಶತಮಾನದಲ್ಲಿ ನಾಗದೇವನು ರಣದಲ್ಲಿ ಮಡಿದಾಗ ಅವನ ಪತ್ನಿಯರಾದ ಸೋದರಿಯರು ಬೇರೆ ಬೇರೆ ಹಾದಿ ಹಿಡಿದರು. ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನೊಡನೆ ಉಳಿದು, ವ್ರತನಿಷ್ಠೆಯಿಂದ ಬಾಳಿ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಲೋಕವು ಗುಂಡಮಬ್ಬೆಯನ್ನೂ ಕೊಂಡಾಡಿತು. ಆದರೆ ಅಗ್ನಿಪ್ರವೇಶವನ್ನು ಅದೇ ರತ್ನಕರಂಡಕವು ಲೋಕಮೂಢತೆಗಳಲ್ಲಿ ಎಣಿಸಿದೆ.