ಶಿವನಸಮುದ್ರದ ತಂತಿ ಮತ್ತು ನನ್ನ ತಪ್ಪು ಉತ್ತರ



ಕೊಳ್ಳೇಗಾಲದಿಂದ ಮಕ್ಕಳನ್ನು ಗಗನಚುಕ್ಕಿಗೆ ಕರೆದೊಯ್ದಿದ್ದ ಒಂದು ದಿನ, ಎಲ್ಲರೂ ಜಲಪಾತವನ್ನು ನೋಡುತ್ತಿರುವಾಗ ಹುಡುಗನೊಬ್ಬನು ಮಾತ್ರ ತಲೆಯೆತ್ತಿ ವಿದ್ಯುತ್ ತಂತಿಗಳನ್ನೇ ನೋಡುತ್ತ ನಿಂತಿದ್ದನು. "ಸಾರ್, ಕಂಬದಿಂದ ಕಂಬಕ್ಕೆ ತಂತಿ ಬಾಗಿರುವ ಈ ಆಕಾರಕ್ಕೆ ಏನೆನ್ನುತ್ತಾರೆ?" ಎಂದು ಕೇಳಿದನು. ನಾನು ತಡವರಿಸದೆ "ಪರವಲಯ" ಎಂದುಬಿಟ್ಟೆ. ಆ ಉತ್ತರ ತಪ್ಪು. ಅವನು ಈ ಬರಹವನ್ನು ಓದಲೆಂದು ಆಶಿಸುತ್ತೇನೆ.

ಆ ವಿದ್ಯುದಾಗಾರದ ಕಥೆ ನಮ್ಮ ಸೀಮೆಯ ಹೆಮ್ಮೆ. 1902ರ ಜೂನ್ ತಿಂಗಳಲ್ಲಿ ಇಲ್ಲಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡರು. ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಇನ್ನೊಂದು ಸಂಗತಿ: ಆಗ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು, ಕೊಳ್ಳೇಗಾಲ, ಹನೂರುಗಳು 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಒಂದೇ ಹೊಳೆ, ಎರಡು ಸರ್ಕಾರ!

ಈಗ ಆಕಾರದ ಮಾತು. ತೂಗುವ ಸರಪಳಿಯನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಪರವಲಯಕ್ಕೆ ಹೋಲಿಸಿದ್ದನು. 1690ರಲ್ಲಿ ಯಾಕೋಬ್ ಬರ್ನೂಲಿ ಇದನ್ನು ವಿದ್ವಾಂಸರಿಗೆ ಸವಾಲಾಗಿ ಒಡ್ಡಿದನು. ಮರುವರ್ಷವೇ ಅವನ ತಮ್ಮ ಯೋಹಾನ್, ಲೈಬ್ನಿಟ್ಸ್, ಹೈಗೆನ್ಸ್ ಮೂವರೂ ಬಿಡಿಸಿದರು. ಅದು ಬೇರೆಯೇ ರೇಖೆ, ಸರಪಳಿ ರೇಖೆ. ಇಂದು ಅದನ್ನು ಹೈಪರ್‌ಬಾಲಿಕ್ ಕೊಸೈನ್, ಅಂದರೆ 'ಕಾಸ್‌ಎಚ್' ಎಂಬ ಉತ್ಪನ್ನದಿಂದ ಬರೆಯುತ್ತೇವೆ. ಹೈಸ್ಕೂಲಿನ ಪಾಠದಲ್ಲಿ ಅದಿಲ್ಲ. ನನ್ನ ಅಜ್ಞಾನಕ್ಕೆ ಅದು ನೆಪವಾಗದು.

ನಿವೃತ್ತಿಯ ಬಳಿಕ ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಮಾಡಿ ನೋಡಿದೆ. ತಂತಿಯ ತಳಬಿಂದುವಿನ ಬಿಗಿತವನ್ನು ಒಂದು ಮೀಟರು ತಂತಿಯ ತೂಕದಿಂದ ಭಾಗಿಸಿದಾಗ ಬರುವ ಉದ್ದ 500 ಮೀಟರು ಎಂದಿರಲಿ. ಕಂಬಗಳ ಅಂತರ 100 ಮೀಟರು. ಅರ್ಧ ಅಂತರವಾದ 50ನ್ನು 500ರಿಂದ ಭಾಗಿಸಿದರೆ 0.1. ಅದರ ಕಾಸ್‌ಎಚ್‌ನಿಂದ 1 ಕಳೆದು 500ರಿಂದ ಗುಣಿಸಿದರೆ ತಂತಿಯ ಜೋಲು 2.502 ಮೀಟರು. ಪರವಲಯವೆಂದು ಲೆಕ್ಕ ಹಾಕಿದರೆ 2.500. ವ್ಯತ್ಯಾಸ ಕೇವಲ 2 ಮಿಲಿಮೀಟರು! ಬಿಗಿತದ ಉದ್ದವನ್ನು 50 ಮೀಟರಿಗೆ ಇಳಿಸಿದರೆ ಮಾತ್ರ 27.15 ಮತ್ತು 25 ಎಂದು ಬೇರೆಯಾಗುತ್ತವೆ. ಕಣ್ಣಳತೆಗೆ ನಾನು ಮೋಸಹೋದದ್ದು ಇಲ್ಲಿಯೇ.

ಹಿಂದು ಮುಂದಾಗಿಯೂ ಕೇಳಬಹುದು. ಜೋಲು ತಿಳಿದಿದ್ದು ಅಂತರ ಬೇಕಾದರೆ ಹೆಸರಿನ ಮುಂದೆ 'ಎ' ಸೇರಿಸಿದ ವಿಲೋಮ ಉತ್ಪನ್ನವಿದೆ: ಎಕಾಸ್‌ಎಚ್. ಕಂಬದ ಬಳಿ ತಂತಿಯ ಇಳಿಜಾರಿನ ಕೋನ ಬೇಕಾದರೆ, 0.1ರ 'ಸೈನ್‌ಎಚ್'ಗೆ ವಿಲೋಮ ಟ್ಯಾನ್ ತೆಗೆಯಬೇಕು. ನನಗೆ 0.0998 ಎಂದು ಬಂದಾಗ, ಇಷ್ಟು ಸಣ್ಣ ಕೋನವೇ ಎಂದು ಬೆಚ್ಚಿದೆ. ಎಕ್ಸೆಲ್ ಉತ್ತರಿಸುವುದು ರೇಡಿಯನ್ನಿನಲ್ಲಿ. 'ಡಿಗ್ರೀಸ್' ಉತ್ಪನ್ನ ಹಾಕಿದ ಮೇಲೆ 5.72 ಡಿಗ್ರಿ ಎಂದು ತಿಳಿಯಿತು. ನಿಮ್ಮೆಲ್ಲರ ಉತ್ತರಪತ್ರಿಕೆಗಳಲ್ಲಿ ಮಾನವನ್ನು ಬರೆಯದಿದ್ದಕ್ಕೆ ಅಂಕ ಕಳೆದವನು ನಾನೇ ತಾನೆ!

ಆ ತಂತಿಯನ್ನು ನೋಡುತ್ತಿದ್ದ ಹುಡುಗ, ನೀನು ಎಲ್ಲಿದ್ದರೂ ಉತ್ತರವನ್ನು ತಿದ್ದಿಕೋ ಮಗು: ಸರಪಳಿ ರೇಖೆ.