ಸೆಕೆಂಡಿಗೆ ಎಷ್ಟು ಸಲ?

ಕಂಪ್ಯೂಟರ್ ಮುಂದೆ ಕೂತಾಗ ಒಂದು ಕೆಲಸ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೆದು ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. ಬಹುಪಾಲು ಜನರಿಗೆ 60 ಹರ್ಟ್ಸ್ ಅಂತ ಕಾಣುತ್ತೆ. ಕೆಲವರಿಗೆ ಪಕ್ಕದಲ್ಲೇ 59.94 ಅನ್ನೋ ವಿಚಿತ್ರ ಸಂಖ್ಯೆ. ಗೇಮ್ ಹುಚ್ಚಿನವರಾದರೆ 144, 165. ಈ 60 ಎಲ್ಲಿಂದ ಬಂತು? ನಮ್ಮ ಗೋಡೆಯ ಸಾಕೆಟ್ಟಿನಲ್ಲಿ ಬರುವ ಕರೆಂಟು 50 ಹರ್ಟ್ಸಿನದು. ಹಾಗಿದ್ದ ಮೇಲೆ ಮಾನಿಟರ್ ಮೇಲೆ 60 ಯಾಕೆ? ಆ 60ನ್ನು 72ಕ್ಕೋ 75ಕ್ಕೋ ಏರಿಸಬಹುದು ಅಂತಾರಲ್ಲ, ಹಾಗಾದರೆ ಪೆಟ್ಟಿಗೆಯ ಮೇಲೆ 60 ಅಂತ ಬರೆದದ್ದು ಸುಳ್ಳಾ?

ಇದು ಬೆಂಗಳೂರಿನ ಟೆಕ್ಕಿಗಳ ತಲೆಹರಟೆ ಅನ್ನಿಸಬಹುದು. ನನ್ನೂರು ಸಿಂಧನೂರು. ಈ ಸಂಖ್ಯೆಯ ಹಿಂದೆ ಬಿದ್ದಾಗ ನನಗೆ ಸಿಕ್ಕಿದ್ದರಲ್ಲಿ ಅರ್ಧ ಇತಿಹಾಸ ನಮ್ಮ ರಾಯಚೂರು ಜಿಲ್ಲೆಯದೇ.

ಮೊದಲು ರಿಫ್ರೆಶ್ ಅಂದರೇನು ಅಂತ ಹೇಳಿಬಿಡ್ತೀನಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅದನ್ನು ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಶಾಸನ ಇದು. ಒಮ್ಮೆ ಕೆತ್ತಿದ್ದು, ಎರಡು ಸಾವಿರ ವರ್ಷ ದಾಟಿದರೂ ಇನ್ನೊಮ್ಮೆ ಬರೆಯುವ ಪ್ರಮೇಯ ಬಂದಿಲ್ಲ. ಅದರ ರಿಫ್ರೆಶ್ ರೇಟ್ ಸೊನ್ನೆ. ಹಳೇ ಡಬ್ಬಾ ಟಿವಿಯ ಗಾಜು ಹಾಗಲ್ಲ. ಎಲೆಕ್ಟ್ರಾನ್ ಕಿರಣ ಬಿದ್ದ ಕಡೆ ಫಾಸ್ಫರ್ ಕ್ಷಣಮಾತ್ರ ಹೊಳೆದು ಆರಿಹೋಗುತ್ತೆ. ಚಿತ್ರ ಉಳಿಯಬೇಕಾದರೆ ಮತ್ತೆ ಮತ್ತೆ ಬರೀತಾನೇ ಇರಬೇಕು. ಸೆಕೆಂಡಿಗೆ ಎಷ್ಟು ಸಲ ಬರೀಬೇಕು ಅನ್ನೋದೇ ಪ್ರಶ್ನೆ.

ಅಮೆರಿಕದವರು 1941ರಲ್ಲಿ ಟಿವಿಗೆ ಮಾನದಂಡ ಮಾಡುವಾಗ ಉತ್ತರವನ್ನು ಗೋಡೆಯ ಸಾಕೆಟ್ಟಿನಲ್ಲೇ ಹುಡುಕಿದರು. ಅವರ ಕರೆಂಟು 60 ಹರ್ಟ್ಸ್. ಆ ಕಾಲದ ಸೆಟ್ಟುಗಳಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಚಿತ್ರದೊಳಗೂ ನುಸುಳಿ ಮಬ್ಬು ಪಟ್ಟಿಯಾಗಿ ಕಾಣುತ್ತಿತ್ತು. ಚಿತ್ರದ ವೇಗವೂ ಕರೆಂಟಿನ ವೇಗವೂ ಒಂದೇ ಆದರೆ ಪಟ್ಟಿ ನಿಂತಲ್ಲೇ ನಿಲ್ಲುತ್ತೆ, ಕಣ್ಣಿಗೆ ಅಷ್ಟು ಕಿರಿಕಿರಿ ಇಲ್ಲ. ಹಾಗಾಗಿ 60. 1953ರಲ್ಲಿ ಬಣ್ಣ ಬಂದಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ತಾಕಲಾಡಬಾರದು ಅಂತ 60ನ್ನು ಒಂದು ಚೂರು ಇಳಿಸಿ 59.94 ಮಾಡಿದರು. 1987ರಲ್ಲಿ ಐಬಿಎಂ ವಿಜಿಎ ತಂದಾಗ ಗ್ರಾಫಿಕ್ಸಿಗೆ ಸುಮಾರು ಅದೇ ಲೆಕ್ಕ ಇಟ್ಟುಕೊಂಡಿತು. ಇವತ್ತು ನಿಮ್ಮ ಸೆಟ್ಟಿಂಗ್ಸಿನಲ್ಲಿ ಕಾಣುವ 59.94 ಆ ಹಳೇ ರಾಜಿಯ ಪಳೆಯುಳಿಕೆ.

ನಮ್ಮದು 50. ಅದೂ ಮೊದಲಿನಿಂದ ಬಂದದ್ದಲ್ಲ. ಚಿನ್ನದ ಗಣಿ ಅಂದರೆ ನಮ್ಮ ಕಡೆಯವರಿಗೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ಆದರೆ ಕರ್ನಾಟಕದಲ್ಲಿ ಕರೆಂಟಿನ ಕತೆ ಶುರುವಾಗೋದು ಇನ್ನೊಂದು ಚಿನ್ನದ ಗಣಿಯಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದಾಗ ಅದರಲ್ಲಿ ಹರಿದದ್ದು 25 ಹರ್ಟ್ಸಿನ ವಿದ್ಯುತ್. ನಯಾಗರದಲ್ಲೂ ಆಗ ಅಷ್ಟೇ. ಆ ಕಾಲದ ದೊಡ್ಡ ಯಂತ್ರಗಳಿಗೆ ನಿಧಾನವಾದ ಕರೆಂಟೇ ಹೊಂದುತ್ತಿತ್ತು. ಬಲ್ಬು ಮಾತ್ರ ಮಿಣುಕುತ್ತಿತ್ತು, ಅದರ ಚಿಂತೆ ಗಣಿಗಿರಲಿಲ್ಲ. ಯಾವ ವೇಗ ಅನ್ನೋದನ್ನ ಯಾವತ್ತೂ ದೊಡ್ಡ ಗಿರಾಕಿಯೇ ತೀರ್ಮಾನಿಸೋದು.

ನಮ್ಮ ಜಿಲ್ಲೆಗೆ ಪರದೆ ಬಂದ ಕತೆ ಇನ್ನೂ ಮಜವಾಗಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೊ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿತು. ಆ ಪ್ರಯೋಗದ ಹೆಸರು ಸೈಟ್. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನ. ಆಗ ಕೊಪ್ಪಳವೂ ರಾಯಚೂರಿನೊಳಗೇ ಇತ್ತು. ಕೋಳಿಗೂಡಿನ ಜಾಲರಿಯಂಥದ್ದರಲ್ಲಿ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೊಂದು ಟಿವಿ, ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಸದಾ ‘ಹಿಂದುಳಿದ’ ಅಂತ ಕರೆಸಿಕೊಂಡವರು ಒಂದು ವರ್ಷದ ಮಟ್ಟಿಗಾದರೂ ರಾಜಧಾನಿಗಿಂತ ಮುಂದಿದ್ದರು. ಅವರು ನೋಡಿದ ಚಿತ್ರ 625 ಸಾಲಿನದು. ಸೆಕೆಂಡಿಗೆ 50 ಸಲ, ಒಮ್ಮೆ ಬೆಸ ಸಾಲು, ಒಮ್ಮೆ ಸಮ ಸಾಲು.

ಈಗ ಓವರ್‌ಕ್ಲಾಕ್ ವಿಷಯಕ್ಕೆ ಬರೋಣ. ಮಾನಿಟರ್ ಒಳಗೆ ಒಂದು ಪುಟ್ಟ ಚಿಪ್ಪಿನಲ್ಲಿ ಅದರ ಜಾತಕ ಇರುತ್ತೆ. ಅದಕ್ಕೆ ಇಡಿಐಡಿ ಅಂತ ಹೆಸರು. ಕೇಬಲ್ ಚುಚ್ಚಿದ ತಕ್ಷಣ ‘ನಾನು ಇಷ್ಟು ಪಿಕ್ಸೆಲ್, ಇಷ್ಟು ಹರ್ಟ್ಸ್’ ಅಂತ ಅದು ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳುತ್ತೆ. ಓವರ್‌ಕ್ಲಾಕ್ ಅಂದರೆ ಆ ಜಾತಕವನ್ನ ಪಕ್ಕಕ್ಕಿಟ್ಟು, ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿನಲ್ಲಿ ನಾವೇ ಹೊಸ ಸಂಖ್ಯೆ ಬರೆಯೋದು.

ಜಾಗ ಎಲ್ಲಿಂದ ಸಿಗುತ್ತೆ? ಫುಲ್ ಎಚ್‌ಡಿ ಚಿತ್ರ 1920×1080. ಆದರೆ ಕೇಬಲ್ಲಿನಲ್ಲಿ ಹೋಗೋದು 2200×1125ರ ಲೆಕ್ಕ. ಸೆಕೆಂಡಿಗೆ 60 ಸಲ ಅಂದರೆ 14.85 ಕೋಟಿ ಪಿಕ್ಸೆಲ್. ಉಳಿದದ್ದು ಖಾಲಿ ಅಂಚು. ನೇಗಿಲು ಹೊಡೆಯುವಾಗ ಸಾಲಿನ ತುದಿಯಲ್ಲಿ ಎತ್ತು ತಿರುಗಿಸೋಕೆ ಜಾಗ ಬಿಡ್ತೀವಲ್ಲ, ಹಾಗೆ. ಹಳೇ ಟಿವಿಯ ಕಿರಣ ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ವಾಪಸ್ ಬರೋಕೆ ಸಮಯ ಬೇಕಿತ್ತು. ಎಲ್‌ಸಿಡಿಯಲ್ಲಿ ಕಿರಣವೇ ಇಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ಬದುವಿನ ಪಕ್ಕದ ಜಾಗ ಹಾಗೇ ಉಳೀತು. ಅಂಚನ್ನ 2080×1111ಕ್ಕೆ ಇಳಿಸಿದರೆ ಅದೇ 60ಕ್ಕೆ 13.85 ಕೋಟಿ ಸಾಕು. ಉಳಿದ ಒಂದು ಕೋಟಿಯಲ್ಲಿ ವೇಗ ಏರಿಸಬಹುದು. ಅದಕ್ಕೂ ಮೇಲೆ ಹೋಗಬೇಕಾದರೆ ಕಂಪನಿ ಬಿಟ್ಟಿರುವ ಮಾರ್ಜಿನ್ನಿಗೆ ಕೈ ಹಾಕಬೇಕು. ಸಾವಿರಾರು ಪೀಸ್‌ಗಳಲ್ಲಿ ಅತಿ ದುರ್ಬಲವಾದದ್ದೂ, ಬೇಸಿಗೆಯ ರಾಯಚೂರಿನಲ್ಲೂ, ನಾಲ್ಕೈದು ವರ್ಷ ಓಡಬೇಕು ಅಂತ ಬಿಟ್ಟ ಜಾಗ ಅದು. ಪೆಟ್ಟಿಗೆಯ ಮೇಲಿನ 60 ಸುಳ್ಳಲ್ಲ, ಅದೊಂದು ಜಾಮೀನು.

ಈ ಹುಚ್ಚು ಜೋರಾದದ್ದು 2012ರ ಸುಮಾರಿಗೆ. ಕೊರಿಯಾದ ಯಾಮಕಾಸಿ ಕ್ಯಾಟ್‌ಲೀಪ್ ಅನ್ನುವ ಅಗ್ಗದ 27 ಇಂಚಿನ ಮಾನಿಟರಿನ ಕೆಲವು ಪೀಸ್‌ಗಳು 60 ಅಂತ ಮಾರಾಟವಾಗಿ 120ರವರೆಗೂ ಓಡಿದವು. ಕ್ರಮೇಣ ದೊಡ್ಡ ಕಂಪನಿಗಳೇ ಮೆನುವಿನಲ್ಲಿ ಓವರ್‌ಕ್ಲಾಕ್ ಬಟನ್ ಕೊಟ್ಟು, ಅದಕ್ಕೂ ದುಡ್ಡು ತಗೊಂಡವು.

ನನ್ನ ಹತ್ತಿರ ಇರೋದು ಮಾಮೂಲಿ 60 ಹರ್ಟ್ಸಿನ ಮಾನಿಟರ್. ಒಂದೊಂದೇ ಹರ್ಟ್ಸ್ ಏರಿಸುತ್ತ ಹೋದೆ. 72ಕ್ಕೆ ಸಲೀಸಾಗಿ ನಿಂತಿತು. 24 ಫ್ರೇಮಿನ ಸಿನಿಮಾಕ್ಕೆ ಅದು ಸರಿಯಾಗಿ ಮೂರು ಪಟ್ಟು, ಹಾಗಾಗಿ ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯಗಳು ತಡವರಿಸೋದಿಲ್ಲ. 75ಕ್ಕೂ ‘ಓಕೆ’ ಅಂದಿತು, ಮೆನುವಿನಲ್ಲಿ 75 ಅಂತಲೇ ತೋರಿಸಿತು. ಆದರೆ ಪರದೆಯ ಮೇಲೆ ಒಂದು ಚೌಕ ಓಡಿಸಿ, ಕ್ಯಾಮೆರಾದ ಶಟರ್ ಕೊಂಚ ಹೊತ್ತು ತೆರೆದಿಟ್ಟು ಫೋಟೊ ತೆಗೆದರೆ ನಡುನಡುವೆ ಚೌಕಗಳೇ ಮಾಯ. ಇದಕ್ಕೆ ಫ್ರೇಮ್ ಸ್ಕಿಪ್ಪಿಂಗ್ ಅಂತಾರೆ. ಒಳಗೆ ಬಂದದ್ದು 75, ಕಣ್ಣಿಗೆ ತಲುಪಿದ್ದು ಅಷ್ಟಿಲ್ಲ. ಮತ್ತೆ 72ಕ್ಕೆ ಇಟ್ಟೆ.

ಆ ಫೋಟೊ ನೋಡಿದಾಗ ನನಗೆ ನೆನಪಾದದ್ದು ಕರೆಂಟಿನ ಫ್ರೀಕ್ವೆನ್ಸಿ. ಪುಸ್ತಕದಲ್ಲಿ 50 ಅಂತ ಇದ್ದರೂ ತೊಂಬತ್ತರ ದಶಕದಲ್ಲಿ ದಕ್ಷಿಣ ಭಾರತದ ಗ್ರಿಡ್ 48ರ ಆಸುಪಾಸಿಗೆ ಇಳಿದು ಅಲ್ಲೇ ಕೂರೋದು ಮಾಮೂಲಿಯಾಗಿತ್ತು. ಬೇಡಿಕೆ ಜಾಸ್ತಿ, ಉತ್ಪಾದನೆ ಕಡಿಮೆ ಆದಾಗ ಜನರೇಟರುಗಳು ದಣಿದ ಎತ್ತಿನ ಹಾಗೆ ನಿಧಾನ ಆಗ್ತವೆ. ಕೃಷ್ಣೆಯ ದಡದ ಶಕ್ತಿನಗರದಲ್ಲಿ, 1985ರಲ್ಲಿ ಶುರುವಾದ ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ, ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಸ್. 48 ಅಂದರೆ 2880 ಸುತ್ತು. ಇನ್ನೂ ಇಳಿದರೆ ಟರ್ಬೈನಿನ ಅಲಗುಗಳು ಅದುರಿ ಹಾಳಾಗುವ ಭಯ. ಸಾಲಾಗಿ ತಂತಾನೇ ಬಂದ್ ಆಗುವ ಭಯ. ನಮ್ಮ ಮನೆಗಳಲ್ಲಿ ಇದ್ಯಾವುದಕ್ಕೂ ಹೆಸರಿರಲಿಲ್ಲ. ವೋಲ್ಟೇಜ್ ಇಳಿದರೂ ಫ್ರೀಕ್ವೆನ್ಸಿ ಇಳಿದರೂ ಮಾತು ಒಂದೇ: ‘ಲೈಟ್ ಸಣ್ಣಾಗ್ಯಾವ, ಮೋಟ್ರ ನೀರ್ ಎತ್ತವಲ್ದು.’

ಗಮನಿಸಿ, ಇದೂ ಮಾರ್ಜಿನ್ ತಿನ್ನುವ ಆಟವೇ. ಒಂದು ರಾಜ್ಯ ತನ್ನ ಪಾಲಿಗಿಂತ ಜಾಸ್ತಿ ಎಳೆದುಕೊಂಡರೆ ಅದರ ದೀಪ ಮಾತ್ರ ಮಂಕಾಗೋದಿಲ್ಲ, ಇಡೀ ಗ್ರಿಡ್ಡಿನ ಪ್ರತಿ ಮೋಟಾರೂ ಒಂದು ಚೂರು ನಿಧಾನ ಆಗುತ್ತೆ. ನಷ್ಟ ಎಲ್ಲರ ಮೇಲೂ ತೆಳುವಾಗಿ ಹಂಚಿಹೋಗೋದರಿಂದ ಯಾರ ಕಣ್ಣಿಗೂ ಬೀಳೋದಿಲ್ಲ. 2003ರ ಜನವರಿ 1ರಿಂದ ದಕ್ಷಿಣದಲ್ಲಿ ಹೊಸ ದರ ಪದ್ಧತಿ ಬಂತು. ಫ್ರೀಕ್ವೆನ್ಸಿ ಕೆಳಗಿದ್ದಷ್ಟೂ, ಹೆಚ್ಚುವರಿ ಎಳೆದುಕೊಂಡವರಿಗೆ ಯೂನಿಟ್ಟಿಗೆ ರೇಟು ಜಾಸ್ತಿ. ಮಾರ್ಜಿನ್ನಿಗೆ ಬೆಲೆ ಕಟ್ಟಿದ ಕೂಡಲೇ ಗ್ರಿಡ್ ಶಿಸ್ತಿಗೆ ಬರೋಕೆ ಶುರುವಾಯಿತು. 2012ರ ಜುಲೈ ಕೊನೆಗೆ ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಾದಾಗ ದಕ್ಷಿಣ ಉಳಿದದ್ದು ನಮ್ಮ ಗ್ರಿಡ್ ಆಗಿನ್ನೂ ಬೇರೆ ತಾಳದಲ್ಲಿ ಓಡುತ್ತಿದ್ದರಿಂದ. ಆ ತಾಳ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಫ್ರೀಕ್ವೆನ್ಸಿ ಆಗುವಂತೆ ಗಂಟು ಹಾಕಿದ ಜಾಗ ನಮ್ಮ ಜಿಲ್ಲೆ. ಆ ರಾತ್ರಿ ನಾವೆಲ್ಲ ಹೊಸ ವರ್ಷದ ಕೇಕ್ ಕತ್ತರಿಸುತ್ತಿದ್ದೆವು.

ಇನ್ನೊಂದು ಓವರ್‌ಕ್ಲಾಕ್ ಇದೆ. ಅದನ್ನ ಯಾರೂ ಹಾಗೆ ಕರೆಯೋದಿಲ್ಲ. ತುಂಗಭದ್ರಾ ಎಡದಂಡೆ ನಾಲೆ. 1953ರಲ್ಲಿ ನೀರು ಹರಿದ ಈ ಯೋಜನೆಯ ಲೆಕ್ಕ ಇದ್ದದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ. ಬರದ ಸೀಮೆಯಲ್ಲಿ ಆದಷ್ಟು ಹೆಚ್ಚು ಹೊಲಕ್ಕೆ ಸ್ವಲ್ಪ ಸ್ವಲ್ಪ ನೀರು. ಆದರೆ ಗಂಗಾವತಿ, ಸಿಂಧನೂರು ಭತ್ತದ ಕಣಜ ಆದವು. ರೈಸ್ ಮಿಲ್ಲುಗಳು ಎದ್ದವು, ಮನೆಗಳಿಗೆ ಮಾಳಿಗೆ ಬಂತು. ನನ್ನಂಥವರು ಓದಿ ಬೆಂಗಳೂರಿಗೆ ಬಂದದ್ದೂ ಆ ಭತ್ತದ ದುಡ್ಡಿನಿಂದಲೇ. ಇತ್ತ ನಾಲೆಯ ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ರಸ್ತೆಗೆ ಇಳೀತಾನೇ ಇದ್ದಾರೆ. ಮೇಲೆ ಗೇಜಿನಲ್ಲಿ ಬಿಟ್ಟ ನೀರಿನ ಅಂಕಿ ಸರಿಯಾಗೇ ಇರುತ್ತೆ. ಕೆಳಗೆ ತಲುಪೋದು ಅಷ್ಟಿಲ್ಲ. ನನ್ನ ಮಾನಿಟರಿನ 75ರ ಹಾಗೆ.

ನಮ್ಮೂರ ರೈತರನ್ನ ದೂರೋದು ನನ್ನ ಉದ್ದೇಶ ಅಲ್ಲ. ಮುಂದೆ ನೀರು ಹರಿಯುವಾಗ ಭತ್ತ ಹಾಕದೆ ಸುಮ್ಮನಿರು ಅಂತ, ಜೋಳಕ್ಕೆ ಭತ್ತದಷ್ಟು ದುಡ್ಡು ಹುಟ್ಟದ ಊರಲ್ಲಿ, ಯಾರಿಗೆ ಹೇಳೋದು? ಆದರೆ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವ್ಯತ್ಯಾಸ ಕಾಣುತ್ತೆ. ಕಾಗದದ ಮೇಲಿನ ಮಿತಿ ದಾಟೋದು ಯಾವಾಗಲೂ ತಪ್ಪಲ್ಲ. ಮಿತಿ ಹಾಕುವವರು ಹೆದರಿ ಹಾಕಿರ್ತಾರೆ, ಕೆಲವು ಸಲ ಸತ್ತುಹೋದ ಯಂತ್ರದ ಲೆಕ್ಕದಲ್ಲಿ ಹಾಕಿರ್ತಾರೆ. ಪ್ರಶ್ನೆ ಇಷ್ಟೇ: ನಾವು ತಿಂತಾ ಇರೋ ಮಾರ್ಜಿನ್ ಯಾರದು? ಮಾನಿಟರಿನದಾದರೆ ನಿಮ್ಮದೇ. ಹೋದರೆ ನಿಮ್ಮ ವಾರಂಟಿ, ನಿಮ್ಮ ದುಡ್ಡು. ಧಾರಾಳವಾಗಿ ಏರಿಸಿ. ಗ್ರಿಡ್ಡಿನದೂ ನಾಲೆಯದೂ ಹಾಗಲ್ಲ. ಅಲ್ಲಿ ಕರಿ ಪರದೆ ಬರೋದು ಇನ್ಯಾರದೋ ಮನೆಯಲ್ಲಿ.

ವಿಂಡೋಸ್ ಒಂದು ಸೌಜನ್ಯ ಮಾಡುತ್ತೆ. ಹೊಸ ರಿಫ್ರೆಶ್ ರೇಟ್ ಹಾಕಿದಾಗ ಪರದೆ ಕಪ್ಪಾದರೆ ಹದಿನೈದು ಸೆಕೆಂಡ್ ಕಾಯುತ್ತೆ. ‘ಸರಿಯಿದೆ’ ಅಂತ ಯಾರೂ ಒತ್ತದಿದ್ದರೆ ತಾನೇ ಹಳೆಯ ಸಂಖ್ಯೆಗೆ ಮರಳುತ್ತೆ. ಕೊನೆಯವನಿಗೆ ಕಾಣಿಸುತ್ತಿದೆಯಾ ಅಂತ ಕೇಳಿ, ಇಲ್ಲದಿದ್ದರೆ ವಾಪಸ್ ಬರುವ ವ್ಯವಸ್ಥೆ ಅದು. ಗ್ರಿಡ್ಡಿಗೆ ಅಂಥದ್ದೊಂದನ್ನ ಕಟ್ಟೋಕೆ ನಮಗೆ 2003ರವರೆಗೆ ಬೇಕಾಯಿತು. ನಾಲೆಗೆ ಇನ್ನೂ ಕಟ್ಟಿಲ್ಲ.