ಕಿಟಕಿಯ ಗಾಜು ತೋರಿದ ಬೆಳಕಿನ ಗುಣ

‘ಧ್ರುವೀಕರಣ’ ಎಂದೊಡನೆ ಇಂದು ನಮಗೆ ನೆನಪಾಗುವುದು ಚುನಾವಣೆ. ಬೆಳಕಿನ ವಿಜ್ಞಾನದಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ, ಬೇರೆಯೇ ಚರಿತ್ರೆಯೂ ಇದೆ.

ಫ್ರಾನ್ಸಿನ ಸೇನಾ ಇಂಜಿನಿಯರ್ ಎತಿಯೆನ್ ಲೂಯಿ ಮಾಲ್ಯೂಸ್ 1798ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಬಂದವರು. ಯಾಫಾ ನಗರದಲ್ಲಿ ತಮ್ಮದೇ ಸೈನ್ಯ ನಡೆಸಿದ ಲೂಟಿ, ಹತ್ಯೆಗಳನ್ನು ಅವರು ದಿನಚರಿಯಲ್ಲಿ ಮರೆಮಾಚದೆ ದಾಖಲಿಸಿದರು. ಅಲ್ಲಿಯೇ ಪ್ಲೇಗಿಗೆ ತುತ್ತಾಗಿಯೂ ಬದುಕುಳಿದರು.

ಪ್ಯಾರಿಸಿಗೆ ಮರಳಿದ ಬಳಿಕ, 1808ರ ಒಂದು ಸಂಜೆ, ಲಕ್ಸಂಬರ್ಗ್ ಅರಮನೆಯ ಕಿಟಕಿಗಾಜುಗಳಲ್ಲಿ ಪ್ರತಿಫಲಿಸುತ್ತಿದ್ದ ಸೂರ್ಯನನ್ನು ಅವರು ಐಸ್‌ಲ್ಯಾಂಡ್ ಸ್ಫಟಿಕದ ಮೂಲಕ ನೋಡಿದರು. ಈ ಸ್ಫಟಿಕ ಒಂದು ವಸ್ತುವನ್ನು ಎರಡಾಗಿ ತೋರಿಸುತ್ತದೆಂಬುದು 1669ರಿಂದಲೇ ತಿಳಿದಿತ್ತು. ಆದರೆ ಸ್ಫಟಿಕವನ್ನು ತಿರುಗಿಸಿದಂತೆ ಎರಡು ಬಿಂಬಗಳು ಸರದಿಯಂತೆ ಮಂಕಾಗುತ್ತಿದ್ದವು! ಆ ರಾತ್ರಿಯೇ ಮೇಣದ ಬತ್ತಿಯ ಬೆಳಕನ್ನು ನೀರು ಮತ್ತು ಗಾಜಿನ ಮೇಲೆ ಬೀಳಿಸಿ ಪರೀಕ್ಷಿಸಿದರು. ಒಂದು ನಿರ್ದಿಷ್ಟ ಕೋನದಲ್ಲಿ ಒಂದು ಬಿಂಬ ಮಾಯವೇ ಆಗುತ್ತಿತ್ತು. ಸ್ಫಟಿಕಕ್ಕೆ ಮಾತ್ರ ಸಾಧ್ಯವೆಂದುಕೊಂಡಿದ್ದ ಕೆಲಸವನ್ನು ಬರಿಯ ಗಾಜಿನ ಮೇಲ್ಮೈ ಮಾಡುತ್ತಿತ್ತು. ಗಾಜನ್ನು ಹಾದು ವಕ್ರೀಭವಿಸಿದ ಬೆಳಕಿನಲ್ಲಿಯೂ ಈ ಗುಣ ಭಾಗಶಃ ಇರುವುದನ್ನು 1811ರಲ್ಲಿ ಕಂಡರು. ಬೆಳಕಿನ ಕಣಗಳಿಗೆ ಧ್ರುವಗಳಿವೆಯೆಂದು ಭಾವಿಸಿ ಈ ಹೆಸರಿಟ್ಟರು. ಆ ಭಾವನೆ ನಿಲ್ಲಲಿಲ್ಲ, ಹೆಸರು ನಿಂತಿತು.

ಕೈರೋ ಎಂದರೆ ನಮಗೆ ಇಬ್ನುಲ್ ಹೈಸಮ್ ನೆನಪಾಗುತ್ತಾರೆ. ಅವರು ‘ಕಿತಾಬುಲ್ ಮನಾಝಿರ್’ನಲ್ಲಿ ಪ್ರತಿಫಲನ, ವಕ್ರೀಭವನಗಳನ್ನು ಪ್ರಯೋಗದ ಒರೆಗೆ ಹಚ್ಚಿದ್ದು ಮಾಲ್ಯೂಸ್‌ಗಿಂತ ಏಳೂವರೆ ಶತಮಾನಗಳಿಗೂ ಮೊದಲು. ಆದರೆ ಧ್ರುವೀಕರಣವೂ ಆ ಗ್ರಂಥದಲ್ಲಿತ್ತೆಂದು ವಾದಿಸುವುದು ತಪ್ಪಾದೀತು. ಪ್ರತಿಯೊಂದು ಆವಿಷ್ಕಾರಕ್ಕೂ ನಮ್ಮವರ ಹೆಸರನ್ನು ಅಂಟಿಸುವ ಚಪಲ ನಮ್ಮ ಭಾಷಣಗಳಲ್ಲಿ ಹೆಚ್ಚುತ್ತಿದೆ. ಪ್ರಮಾಣವಿಲ್ಲದ್ದನ್ನು ಒಪ್ಪದ ಆ ಮಹನೀಯರಿಗೆ ಅದು ಗೌರವವಲ್ಲ.

1810ರಲ್ಲಿ ಫ್ರಾನ್ಸಿನೊಡನೆ ಯುದ್ಧದಲ್ಲಿದ್ದ ಇಂಗ್ಲೆಂಡಿನ ರಾಯಲ್ ಸೊಸೈಟಿಯು ಶತ್ರುಸೇನೆಯ ಈ ಅಧಿಕಾರಿಗೆ ರಂಫರ್ಡ್ ಪದಕವನ್ನು ನೀಡಿತು. 1812ರಲ್ಲಿ, 36ರ ಹರೆಯದಲ್ಲಿ, ಕ್ಷಯದಿಂದ ಮಾಲ್ಯೂಸ್ ತೀರಿಕೊಂಡರು. ಆ ಕೋನಕ್ಕೂ ವಸ್ತುವಿನ ವಕ್ರೀಭವನಕ್ಕೂ ಇರುವ ನಂಟು ಅವರಿಗೆ ಸಿಕ್ಕಿರಲಿಲ್ಲ. ಅದನ್ನು 1815ರಲ್ಲಿ ಕಂಡುಕೊಂಡವರು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್: ಪ್ರತಿಫಲಿತ ಕಿರಣವೂ ವಕ್ರೀಭವಿಸಿದ ಕಿರಣವೂ ಪರಸ್ಪರ ಲಂಬವಾದಾಗ ಪ್ರತಿಫಲಿತ ಬೆಳಕು ಪೂರ್ಣವಾಗಿ ಧ್ರುವೀಕರಣಗೊಳ್ಳುತ್ತದೆ. ಲಂಬರೇಖೆಯಿಂದ ಅಳೆದರೆ ಆ ಕೋನ ಸಾಮಾನ್ಯ ಗಾಜಿಗೆ ಸುಮಾರು 56 ಡಿಗ್ರಿ, ನೀರಿಗೆ 53.

ಪೋಲರಾಯ್ಡ್ ತಂಪುಕನ್ನಡಕವಿದ್ದರೆ ನೀವೇ ನೋಡಬಹುದು. ಬಿಸಿಲು ಹೊಳೆಯುವ ಮಸೀದಿಯ ಹೌಝ್‌ನ ನೀರನ್ನು ಓರೆಯಾಗಿ ನೋಡುತ್ತಾ ಕನ್ನಡಕವನ್ನು ಮೆಲ್ಲನೆ ತಿರುಗಿಸಿ. ಒಂದು ಸ್ಥಿತಿಯಲ್ಲಿ ಹೊಳಪು ಅಳಿದು ತಳದ ಕಲ್ಲು ಕಾಣುತ್ತದೆ.